ಎಂಟನೆಯ ದೀಪ

ಇದನ್ನು ಹೇಳಬೇಕಾದವರು ಬೇರೆಯವರಿದ್ದಾರೆ. ನಾನು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಹಗಲು ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರ್ ಹೊಲಿದು, ಸಂಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವಳು ನಾನು. ಜೀವಕೋಶದ ಪಾಠ ನಡೆಯುವಾಗ ಎಷ್ಟೋ ಸಲ ತೂಕಡಿಸಿದ್ದುಂಟು. ಆ ತೂಕಡಿಕೆಯಲ್ಲಿ ಯಾವ ಮುಖ್ಯ ಮಾತು ಕೈತಪ್ಪಿತೋ ಎಂಬ ಅಳುಕು ಈಗಲೂ ಹೋಗಿಲ್ಲ. ಆದ್ದರಿಂದ ಕೆಳಗೆ ಎಲ್ಲಾದರೂ ವಿಜ್ಞಾನ ಎಡವಿದಂತೆ ಕಂಡರೆ, ಎಡವಿದವಳು ನಾನು ಎಂದು ತಿಳಿಯಿರಿ.

ನಾನು ಈಗ ಕೆಲಸ ಮಾಡುವ ಜಿಲ್ಲಾ ಪ್ರಯೋಗಾಲಯದ ಮುಖ್ಯಸ್ಥರಾದ ಡಾಕ್ಟರ್ ಇಂದುಧರ ಅವರನ್ನೇ ಬರೆಯಿರಿ ಎಂದು ಕೇಳಿಕೊಂಡೆ. "ನಾನು ಬರೆದ್ರೆ ಹನ್ನೆರಡು ಜನ ಓದ್ತಾರೆ, ಅದ್ರಲ್ಲಿ ಹತ್ತು ಜನ ಜಗಳಕ್ಕೆ ಬರ್ತಾರೆ. ದೀಪ ಹತ್ತಿದ್ದು ನಿಮ್ಮ ಕಣ್ಣೆದುರಿಗೆ ತಾನೆ? ನೀವೇ ಹೇಳಿ ಸುಗುಣಾ" ಎಂದುಬಿಟ್ಟರು.

ನಮ್ಮ ಜಿಲ್ಲೆಗೆ ಅಂಗೈ ಪೆಟ್ಟಿಗೆ ಬಂದ ಮೂರನೆಯ ವರ್ಷ ನಡೆದದ್ದು ಇದು. ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ರೋಗಸ್ಮೃತಿ ಮಾಪಕ. ಆ ಹೆಸರಿನಿಂದ ಅದನ್ನು ಯಾರೂ ಕರೆದದ್ದು ನಾನು ಕೇಳಿಲ್ಲ. ರೊಟ್ಟಿ ಹಂಚಿನಷ್ಟು ಅಗಲದ ಒಂದು ತಟ್ಟೆ, ಅದರ ಮೇಲಂಚಿಗೆ ಸಾಲಾಗಿ ಎಂಟು ದೀಪ. ಮಗು ಅಂಗೈ ಊರಿದರೆ ತಟ್ಟೆ ತುಸು ಬೆಚ್ಚಗಾಗುತ್ತದೆ, ಅಂಗೈ ಬೆವರುತ್ತದೆ. ನಮ್ಮ ದೇಹ ಒಂದು ರೋಗವನ್ನು ಒಮ್ಮೆ ಎದುರಿಸಿದರೆ, ಅಥವಾ ಲಸಿಕೆಯ ಮೂಲಕ ಅದರ ಪರಿಚಯ ಮಾಡಿಕೊಂಡರೆ, ಅದನ್ನು ಗುರುತು ಹಿಡಿಯುವ ಪ್ರತಿಕಾಯಗಳನ್ನು ರಕ್ತದಲ್ಲಿ ಇಟ್ಟುಕೊಳ್ಳುತ್ತದೆ. ಅವುಗಳಲ್ಲಿ ಒಂದಿಷ್ಟು ಬೆವರಿನಲ್ಲೂ ಸೋರುತ್ತವೆ. ತಟ್ಟೆಯ ಮೇಲೆ ಹಾಸುವ ತೆಳು ಹಾಳೆಯಲ್ಲಿ ಒಂದೊಂದು ರೋಗದ ಹಾನಿಯಿಲ್ಲದ ಚೂರುಗಳನ್ನು ಕೂರಿಸಿದ್ದಾರೆ. ಬೆವರಿನ ಪ್ರತಿಕಾಯ ತನ್ನ ರೋಗದ ಚೂರನ್ನು ಗುರುತಿಸಿ ಹಿಡಿದುಕೊಂಡರೆ ಆ ರೋಗದ ದೀಪ ಹಸಿರಾಗುತ್ತದೆ. ನನಗೆ ತಿಳಿದಿರುವುದು ಇಷ್ಟೇ.

ದೀಪ ಎಂಟಿದ್ದರೂ ರೋಗ ನೋಡುವುದಕ್ಕೆ ಏಳೇ. ಮೊದಲನೆಯದು ದಡಾರ. ಆಮೇಲೆ ಗಂಟಲುಮಾರಿ, ನಾಯಿಕೆಮ್ಮು, ಪೋಲಿಯೊ ಹೀಗೆ ಸಾಲು. ಎಂಟನೆಯದು ಸಿಡುಬಿನದು. ಭೂಮಿಯ ಮೇಲಿಂದ ಅಳಿಸಿಹೋದ ರೋಗಕ್ಕೆ ಯಾಕೆ ದೀಪ ಎಂದು ತರಬೇತಿಯಲ್ಲಿ ನಾನೂ ಕೇಳಿದ್ದೆ. ಈಗಿನ ಯಾವ ಮಗುವಿನ ಮೈಯಲ್ಲೂ ಸಿಡುಬಿನ ನೆನಪು ಇರಲು ಸಾಧ್ಯವಿಲ್ಲ, ಆದ್ದರಿಂದ ಆ ದೀಪ ಸದಾ ಆರಿರಬೇಕು. ಅದು ಹತ್ತಿತೆಂದರೆ ಯಂತ್ರ ಕೆಟ್ಟಿದೆ ಎಂದರ್ಥ. "ಯಂತ್ರ ಕೆಟ್ಟಿಲ್ಲದಿದ್ರೆ?" ಎಂದು ಯಾರೋ ಕೇಳಿದರು. "ಆಗ ನಾವೆಲ್ಲ ಕೆಟ್ವಿ" ಎಂದು ಡಾಕ್ಟರ್ ನಕ್ಕಿದ್ದರು.

ನನ್ನ ಊರು ರಾಮನಗರದ ಕಡೆಯದು. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಮೊಹಲ್ಲಾದಲ್ಲಿ ಮನೆಮನೆಯಲ್ಲೂ ರೇಷ್ಮೆ ನೂಲು ತೆಗೆಯುತ್ತಾರೆ. ಅಲ್ಲಿನ ಮಕ್ಕಳಿಗೆಲ್ಲ ಹತ್ತಿರವಿರುವುದು ಒಂದೇ ಶಾಲೆ, ಅದರಲ್ಲಿ ಒಂದನೇ ತರಗತಿಗೆ ಸೀಟು ಕಡಿಮೆ. ದಾಖಲಾತಿಯ ದಿನ ಏಳು ದೀಪವೂ ಹತ್ತಿದರೆ ಅಲ್ಲೇ ಸೀಟು. ಒಂದು ಆರಿದ್ದರೂ ಲಸಿಕೆ ಹಾಕಿ, ಮೂರು ವಾರ ಬಿಟ್ಟು ಬನ್ನಿ ಎಂದು ಕಳಿಸಬೇಕು. ಅಷ್ಟರಲ್ಲಿ ಸೀಟು ಹಿಂದಿನ ಮಗುವಿಗೆ ಹೋಗಿರುತ್ತದೆ. ಮುಂದೇನು? ಹೆದ್ದಾರಿ ದಾಟಿ ದೂರದ ಶಾಲೆ, ಇಲ್ಲವೇ ಮುಂದಿನ ವರ್ಷ. ಮುಂದಿನ ವರ್ಷ ಎಂದ ಹೆಣ್ಣುಮಕ್ಕಳು ನೂಲು ತೆಗೆಯುವ ಬಿಸಿನೀರಿನ ಬೇಸಿನ್ ಪಕ್ಕ ಗೂಡು ಆರಿಸುತ್ತ ಕೂತುಬಿಡುವುದನ್ನು ನಾನು ಕಂಡಿದ್ದೇನೆ.

ಆ ವರ್ಷ ಪಕ್ಕದ ತಾಲೂಕಿನಲ್ಲಿ ದಡಾರ ಎದ್ದಿತ್ತು. ಹಾಗಾಗಿ ಯಾರಿಗೂ ರಿಯಾಯಿತಿ ಇಲ್ಲ ಎಂದು ಮೇಲಿನಿಂದ ಆದೇಶ. ಶಾಲೆಯ ಗೇಟಿನ ಮೇಲೆ ನಾನೇ ಚೀಟಿ ಅಂಟಿಸಿದ್ದೆ: ಮಗುವಿನ ಅಂಗೈ ಸ್ವಚ್ಛವಾಗಿರಬೇಕು.

ಬೆಳಗಿನಿಂದ ಎಲ್ಲ ಚೆನ್ನಾಗಿಯೇ ನಡೆದಿತ್ತು. ಮಕ್ಕಳಿಗೆ ಅದೊಂದು ಆಟ. ದೀಪ ಹತ್ತಿದಾಗಲೆಲ್ಲ ಸಾಲಿನಲ್ಲಿದ್ದವರು ಎಣಿಸಿ ಕೂಗುವುದು, ಏಳಾದ ಕೂಡಲೇ ಚಪ್ಪಾಳೆ. ಮೊಹಲ್ಲಾದ ಮಕ್ಕಳ ಅಂಗೈಗಳು ಎಷ್ಟು ನುಣುಪಾಗಿವೆ ಎಂದು ಅಂದುಕೊಂಡೆ. ಅಷ್ಟಕ್ಕೇ ಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಹುಮೈರಾ ಬಂದಳು. ಎರಡು ಜಡೆ, ಮುಂದಿನ ಒಂದು ಹಲ್ಲು ಇಲ್ಲ. ಜೊತೆಗೆ ತಾಯಿ ನಸ್ರೀನ್ ಮತ್ತು ಅಜ್ಜಿ ಖುರ್ಷಿದಾ ಬೀ. ಅಜ್ಜಿಗೆ ಎಪ್ಪತ್ತು ದಾಟಿತ್ತು. ಮೊಮ್ಮಗಳ ಕೈಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೊಟ್ಟೆ ತಂದಹಾಗೆ ತಂದಿದ್ದರು.

"ಬಿಚ್ಚಲಾ ಮೇಡಂ? ಇಲ್ಲಿ ತನಕ ಒಂದು ಧೂಳೂ ಕೂರ್ಸಿಲ್ಲ."

ಹುಮೈರಾ ಕೈ ಊರಿದಳು. ಒಂದು, ಎರಡು, ಮೂರು... ಏಳು! ಮಕ್ಕಳು ಚಪ್ಪಾಳೆ ಹೊಡೆದರು. ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ಎಂಟನೆಯ ದೀಪ ಹತ್ತಿತು.

"ಎಂಟು!" ಎಂದು ಸಾಲಿನಲ್ಲಿದ್ದವರು ಕಿರುಚಿದರು.

ನಾನೇ ಏನೋ ತಪ್ಪು ಮಾಡಿದೆ ಎಂಬುದೇ ಮೊದಲ ಯೋಚನೆ. ತಟ್ಟೆ ಒರೆಸಿ, ಹೊಸ ಹಾಳೆ ಕೂರಿಸಿ, ನನ್ನ ಕೈ ಇಟ್ಟು ನೋಡಿದೆ. ಏಳು ಹತ್ತಿದವು, ಎಂಟನೆಯದು ಆರಿಯೇ ಇತ್ತು. ಮತ್ತೆ ಹುಮೈರಾಳ ಕೈ. ಮತ್ತೆ ಎಂಟು.

"ಒಂದು ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವೇನಮ್ಮ?" ಅಜ್ಜಿ ನಕ್ಕರು. "ಯಾಕೆ ಮುಖ ಹಂಗೆ ಮಾಡ್ತೀರ? ಕರೆಂಟ್ ಬಿಲ್ಲು ನಾನ್ ಕಟ್ಬೇಕಾ?"

ನಾನು ನಗಲಿಲ್ಲ. ಎಂಟನೆಯ ದೀಪ ಹತ್ತಿದರೆ ಪೆಟ್ಟಿಗೆ ಯಾರನ್ನೂ ಕೇಳದೆ ತಾನೇ ಜಿಲ್ಲಾ ನಿಯಂತ್ರಣ ಕೊಠಡಿಗೆ ಸುದ್ದಿ ಕಳಿಸುತ್ತದೆ. ಮುಖ್ಯೋಪಾಧ್ಯಾಯರಾದ ಶಿವಮಲ್ಲಪ್ಪನವರು ಓಡಿಬರುವಷ್ಟರಲ್ಲಿ ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಡಾಕ್ಟರ್ ಇಂದುಧರ ಅವರ ಮುಖ ಕಾಣಿಸಿತು. ಅವರ ಹಿಂದೆ ನಿಯಂತ್ರಣ ಕೊಠಡಿಯ ಗೋಡೆ. ಜಿಲ್ಲೆಯ ಎಲ್ಲ ಶಾಲೆಗಳ ಚುಕ್ಕಿಗಳು ಹಸಿರು, ನಮ್ಮದೊಂದು ಕೆಂಪು.

"ಸುಗುಣಾ, ಗೇಟ್ ಹಾಕ್ಸಿ. ಯಾರೂ ಹೊರಗೆ ಹೋಗೋ ಹಾಗಿಲ್ಲ. ಮಗುಗೆ ಜ್ವರ ಇದೆಯಾ? ಮೈಮೇಲೆ ಗುಳ್ಳೆ?"

"ಇಲ್ಲ ಸಾರ್. ಹಲ್ಲಿಲ್ಲ ಅಷ್ಟೆ."

"ಮಗುವನ್ನ ಬೇರೆ ಕೋಣೇಲಿ ಕೂರ್ಸಿ. ಮುಟ್ಟಬೇಡಿ. ನಾನು ಹೊರಟೆ." ಅವರ ದನಿಯಲ್ಲಿ ಭಯವಿತ್ತು. ಸುಳ್ಳೇಕೆ, ಉತ್ಸಾಹವೂ ಇತ್ತು.

ಬಿಸಿಯೂಟದ ಅಕ್ಕಿ ಇಡುವ ಕೋಣೆಯಲ್ಲಿ ಹುಮೈರಾ, ಅಜ್ಜಿ, ನಸ್ರೀನ್, ನಾನು, ನನ್ನ ಜೊತೆಗೆ ಪೆಟ್ಟಿಗೆ. ಮುಟ್ಟಬೇಡಿ ಎಂದಿದ್ದರೂ ಅಷ್ಟು ಹೊತ್ತಿಗೆ ನಾನು ಆ ಕೈಯನ್ನು ನಾಲ್ಕು ಸಲ ಮುಟ್ಟಿಯಾಗಿತ್ತು. ಇನ್ನು ಹೊರಗೆ ನಿಂತು ಏನು ಪ್ರಯೋಜನ? ಹೊರಗೆ ಅಪ್ಪ ಅಮ್ಮಂದಿರ ಗಲಾಟೆ. ಶಿವಮಲ್ಲಪ್ಪನವರು ಬಾಗಿಲಿನಿಂದಲೇ ಕೇಳಿದರು: "ಅಮ್ಮಾ, ಮಗೂಗೆ ಎಲ್ಲಾ ಚುಚ್ಚಿಸಿದ್ದೀರಿ ತಾನೆ?"

ನಸ್ರೀನ್ ಸಿಡಿದರು. "ಒಂದೂ ಬಿಟ್ಟಿಲ್ಲ ಸಾರ್! ದಡಾರದ್ದು ಎರಡ್ ಸಲ ಆಗೈತೆ. ಎರಡನೇ ಸಲ ನರ್ಸಮ್ಮನ್ನೇ ಇವ್ಳು ಕಚ್ಬಿಟ್ಟವ್ಳೆ, ಬೇಕಾದ್ರೆ ಹೋಗಿ ಕೇಳಿ."

"ಅದಕ್ಕೇ ಹಲ್ಲು ಹೋಯ್ತಾ?" ಎಂದೆ ನಾನು, ಧೈರ್ಯ ತಂದುಕೊಳ್ಳಲು.

"ಅಲ್ಲ. ಚಿಕ್ಕಿ ತಿಂದು ಹೋಯ್ತು," ಎಂದಳು ಹುಮೈರಾ. ಅವಳಿಗೆ ಆಗಲೇ ಬೇಸರ ಬಂದಿತ್ತು. ಅಕ್ಕಿ ಮೂಟೆಯ ಮೇಲೆ ಕೂತು ಅಂಗೈ ಕೆರೆಯುತ್ತಿದ್ದಳು. ಏನು ಮಾಡುತ್ತಿದ್ದಾಳೆ ಎಂದು ನೋಡಿದವಳೇ ಕೂಗಿಕೊಂಡೆ. ಅವಳ ಅಂಗೈಯಿಂದ ಚರ್ಮ ಏಳುತ್ತಿತ್ತು. ಬೆರಳ ಬುಡದಿಂದ ಮಣಿಕಟ್ಟಿನವರೆಗೆ, ತೆಳ್ಳಗೆ, ಈರುಳ್ಳಿ ಪೊರೆಯ ಹಾಗೆ. ಗೆರೆಗಳೆಲ್ಲ ಅದರಲ್ಲಿ ಮೂಡಿದ್ದವು.

"ಅರೆ, ಕಿತ್ ಹಾಕ್ಬಿಟ್ಯಾ!" ಅಜ್ಜಿ ಮೊಮ್ಮಗಳ ತಲೆಗೆ ಮೊಟಕಿದರು. "ರಾತ್ರಿಯೆಲ್ಲ ಕೂತು ಹಚ್ಚಿದ್ದೆ. ಫೆವಿಕಾಲ್ ಅಂದ್ಕೊಂಡವ್ಳೆ ಇವ್ಳು."

"ಏನು ಹಚ್ಚಿದ್ರಿ?"

"ಗೂಡಿನ ಅಂಟಮ್ಮ. ಇನ್ನೇನು?"

ಆಗ ನನಗೆ ಆದದ್ದನ್ನು ಹೇಗೆ ಹೇಳಲಿ? ತಲೆಯಲ್ಲಿ ಏನೂ ಸ್ಪಷ್ಟವಿರಲಿಲ್ಲ. ಕೈ ಮಾತ್ರ ತಾನಾಗಿ ಚಾಚಿತು. "ಅದನ್ನ ಇಲ್ಲಿ ಕೊಡು ಮಗಾ" ಎಂದೆ. ಆ ಪೊರೆಯನ್ನು ಪೆಟ್ಟಿಗೆಯ ತಟ್ಟೆಯ ಮೇಲೆ ಹರವಿ, ಎರಡು ಹನಿ ನೀರು ಹಾಕಿದೆ. ತಟ್ಟೆ ಬೆಚ್ಚಗಾಯಿತು.

ಎಂಟನೆಯ ದೀಪ ಹತ್ತಿತು. ಕೈಯೇ ಇಲ್ಲ, ಮಗುವೇ ಇಲ್ಲ, ಆದರೂ ದೀಪ ಹಸಿರು! ಅದರ ಜೊತೆಗೆ ಮೊದಲನೆಯದು, ದಡಾರದ್ದು. ನಡುವೆಯೂ ಒಂದೆರಡು. ನಾನು ಕುಣಿಯುವುದೊಂದು ಬಾಕಿ. ಸಿಡುಬು ಮಗುವಿನ ಮೈಯಲ್ಲಿಲ್ಲ, ಅಂಟಿನಲ್ಲಿದೆ!

"ದಾದಿ, ನಿಮ್ಮ ತೋಳು ತೋರಿಸ್ತೀರಾ?" ಎಂದು ಹುಮೈರಾ ತನ್ನ ಅಜ್ಜಿಯನ್ನು ಕರೆಯುವ ಹಾಗೆಯೇ ಕರೆದು ಕೇಳಿದೆ.

ಅಜ್ಜಿ ಸೆರಗು ಸರಿಸಿದರು. ಎಡ ರಟ್ಟೆಯ ಮೇಲೆ ಎಂಟಾಣೆಯಷ್ಟು ಅಗಲದ ಕಲೆ, ಅಂಚೆಲ್ಲ ಸುಕ್ಕು. "ನಾನು ಇವಳಷ್ಟು ಇದ್ದಾಗ ಸಿಡುಬು ಬರ್ದಿರ್ಲಿ ಅಂತ ಮೈಲಿ ಹಾಕಿದ್ರು. ಮೂರು ದಿನ ಜ್ವರ. ದಡಾರ, ನಾಯಿಕೆಮ್ಮು ಎಲ್ಲಾ ಬಂದು ಹೋಗೈತೆ ನಂಗೆ. ಏನೂ ಬಿಟ್ಟಿಲ್ಲ."

ಡಾಕ್ಟರ್ ವ್ಯಾನಿನಿಂದ ಇಳಿದಾಗ ಬಿಳಿ ರಕ್ಷಾ ಉಡುಪು ತೊಟ್ಟಿದ್ದರು. ನಾನು ಉಸಿರು ಬಿಡದೆ ಎಲ್ಲ ಒದರಿದೆ. ಅವರು ಪೊರೆಯನ್ನು ಎತ್ತಿ ಬೆಳಕಿಗೆ ಹಿಡಿದರು, ಆಮೇಲೆ ಟೋಪಿ ತೆಗೆದು ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟರು. "ಇದನ್ನ ಹಚ್ಚಿದ್ದು ಹೇಗೆ? ನನಗೆ ನೋಡಬೇಕು. ಈಗಲೇ."

ಗೇಟು ತೆಗೆಸಿ ಎಲ್ಲರೂ ಖುರ್ಷಿದಾ ಬೀ ಅವರ ಮನೆಗೆ ನಡೆದೆವು. ಒಂದೇ ಕೋಣೆ, ಹಿಂದೆ ಬೇಸಿನ್. ಗೂಡು ಬೇಯಿಸಿ ನೂಲು ತೆಗೆದಾಗ ರೇಷ್ಮೆಯ ಅಂಟು ನೀರಿನಲ್ಲಿ ಬಿಡುತ್ತದೆ. ವಿಜ್ಞಾನಿಗಳು ಅದನ್ನು ಸೆರಿಸಿನ್ ಎನ್ನುತ್ತಾರೆ. ಆ ನೀರು ತಣಿದು ಗಟ್ಟಿಯಾದ ಮೇಲೆ ಅಜ್ಜಿ ಒಂದು ಬೊಗಸೆ ತೆಗೆದು, ತಮ್ಮ ಎರಡು ಅಂಗೈಗಳ ನಡುವೆ ಉಜ್ಜಲು ಶುರುಮಾಡಿದರು. ಉಜ್ಜಿದರು, ಉಜ್ಜಿದರು. ಹಣೆಯಿಂದ ಬೆವರು ಇಳಿಯಿತು. ಅಂಟು ಎಳೆ ಎಳೆಯಾದಾಗ ಡಾಕ್ಟರ ಅಂಗೈಗೆ ಸವರಿದರು.

"ಬಿಸಿನೀರಿಗೆ ಕೈ ಹಾಕೋರು ನಾವು. ಇದಿಲ್ದಿದ್ರೆ ಬೊಬ್ಬೆ ಬರ್ತದೆ. ಮಕ್ಕಳಿಗೂ ಹಚ್ತೀವಿ, ಕೈ ಮೆತ್ತಗಿರ್ಲಿ ಅಂತ."

"ಸರಿ, ಆದ್ರೆ ಇವತ್ತು ಯಾಕೆ?"

ಅಜ್ಜಿ ಡಾಕ್ಟರನ್ನು ಪೆದ್ದನನ್ನು ನೋಡುವ ಹಾಗೆ ನೋಡಿದರು. "ಫೋಟೋ ತೆಗೆಸೋಕೆ ಹೋಗೋವಾಗ ತಲೆ ಬಾಚ್ತೀರಾ ಇಲ್ವಾ? ಅಂಗೈ ತೋರ್ಸೋಕೆ ಹೋಗೋವಾಗ ಅಂಗೈ ಚೆಂದ ಮಾಡ್ಬೇಡ್ವಾ? ಸ್ವಚ್ಛ ಇರ್ಬೇಕು ಅಂತ ಈ ಮೇಡಮ್ಮೇ ಚೀಟಿ ಹಾಕವ್ರೆ. ನಮ್ಮ ಗಲ್ಲಿಯವ್ರೆಲ್ಲ ಹಚ್ಚವ್ರೆ."

ಬೆಳಗ್ಗೆ ಕಂಡ ಆ ನುಣುಪು ಕೈಗಳೆಲ್ಲ ಕಣ್ಣ ಮುಂದೆ ಬಂದವು. ಅಜ್ಜಿಯ ಬೆವರಿನ ಪ್ರತಿಕಾಯಗಳು ಅಂಟಿನಲ್ಲಿ ಸಿಕ್ಕಿ ಒಣಗಿ, ಮೊಮ್ಮಗಳ ಅಂಗೈ ಮೇಲೆ ಕೂತಿದ್ದವು. ಪೆಟ್ಟಿಗೆ ಓದಿದ್ದು ಅಜ್ಜಿಯ ನೆನಪನ್ನು. ಉಳಿದ ಮಕ್ಕಳಿಗೆ ಹಚ್ಚಿದವರು ವಯಸ್ಸಿನಲ್ಲಿ ಚಿಕ್ಕವರು, ಸಿಡುಬಿನ ಲಸಿಕೆ ಕಾಣದ ತಾಯಂದಿರು. ಅದಕ್ಕೇ ಅವರಿಗೆ ಎಂಟನೆಯ ದೀಪ ಹತ್ತಲಿಲ್ಲ, ನಮಗೆ ಅನುಮಾನ ಬರಲಿಲ್ಲ. ಹಾಗಾದರೆ ಆ ಮಕ್ಕಳ ಏಳು ದೀಪಗಳಲ್ಲಿ ಎಷ್ಟು ಅವರವು?

"ಮೊದ್ಲು ಹುಮೈರಾಳ ಬರಿ ಕೈ ನೋಡೋಣ" ಎಂದರು ಡಾಕ್ಟರ್.

ಸೋಪು ಹಾಕಿ ಬಿಸಿನೀರಿನಲ್ಲಿ ಅವಳ ಕೈ ತೊಳೆದೆ. ತೊಳೆಯುವಾಗ, ನಿಜ ಹೇಳುತ್ತೇನೆ, ಸಾಕು ಇಲ್ಲಿಗೇ ನಿಲ್ಲಿಸಲಿ ಎಂದು ಮನಸ್ಸು ಬೇಡುತ್ತಿತ್ತು. ಶಾಲೆಗೆ ಮರಳಿ ಅವಳು ಕೈ ಊರಿದಳು. ಎಂಟನೆಯ ದೀಪ ಆರಿತ್ತು. ಎರಡರಿಂದ ಏಳರವರೆಗೆ ಹಸಿರು. ಮೊದಲನೆಯದು ಕಪ್ಪಗೆ ಕೂತಿತ್ತು. ದಡಾರದ ನೆನಪು ಆ ಮೈಗೆ ಇಲ್ಲವೇ ಇಲ್ಲ.

"ಆಗೋದಿಲ್ಲ," ಎಂದರು ನಸ್ರೀನ್. "ಎರಡ್ ಸಲ ಹಾಕ್ಸಿದೀನಿ. ಅಲ್ಲಾನಾಣೆ."

"ನಂಬ್ತೀನಮ್ಮ" ಎಂದರು ಡಾಕ್ಟರ್. "ಲಸಿಕೆ ಕೊಟ್ರೂ ಒಂದಿಷ್ಟು ಮಕ್ಕಳ ಮೈ ಅದನ್ನ ನೆನಪಿಟ್ಕೊಳ್ಳಲ್ಲ. ನಿಮ್ಮ ತಪ್ಪಿಲ್ಲ, ಮಗೂ ತಪ್ಪೂ ಇಲ್ಲ."

ಶಿವಮಲ್ಲಪ್ಪನವರು ಕನ್ನಡಕ ಒರೆಸಿಕೊಂಡರು. ಅವರು ಕೆಟ್ಟ ಮನುಷ್ಯರಲ್ಲ, ನಿಯಮದ ಮನುಷ್ಯರು. "ಆರಿದ ದೀಪ ಆರಿದ ದೀಪವೇ ಸಾರ್. ಸಂಜೆಯೊಳಗೆ ಸೀಟು ತುಂಬಬೇಕು. ಹಿಂದೆ ಕಾಯ್ತಿರೋರು ಇದ್ದಾರೆ."

ಅಜ್ಜಿ ಡಾಕ್ಟರ ಕೈಯಲ್ಲಿದ್ದ ಪೊರೆಯನ್ನು ತೋರಿಸಿದರು. "ಆ ಸಿಪ್ಪೆ ವಾಪಸ್ ಕೊಡಿ. ಅಂಟಿಸ್ಕೊಂಡು ಬರ್ತಾಳೆ. ನಂದೇ ನೆನಪು ತಾನೆ? ಮೊಮ್ಮಗಳಿಗೆ ಕೊಟ್ರೆ ಯಾರಪ್ಪಂದೇನ್ ಹೋಗ್ತದೆ?"

ಯಾರೂ ನಗಲಿಲ್ಲ. ನಗಬೇಕೆಂದು ಅವರು ಹೇಳಿದ್ದೂ ಅಲ್ಲ. ಪೊರೆಯನ್ನು ನಾನು ಪೆಟ್ಟಿಗೆಯ ಮೇಲೆ ಹರವದಿದ್ದರೆ? ಆದರೆ ಹಾಗೆಯೇ ಒಳಗೆ ಬಿಟ್ಟಿದ್ದರೆ, ಪಕ್ಕದ ತಾಲೂಕಿನ ದಡಾರ ಈ ಊರಿಗೆ ಬಂದ ದಿನ, ಹಸಿರು ದೀಪದ ಭರವಸೆಯಲ್ಲಿ ಇವಳು ಬೆಂಚಿನ ಮೇಲೆ ಕೂತಿರುತ್ತಿದ್ದಳು.

ಬಾಯಿಬಿಡಲು ನನಗೆ ಎಂದೂ ಭಯ. ಆದರೂ ಬಿಟ್ಟೆ. "ಸಾರ್, ಎಂಟನೇ ದೀಪ ಹತ್ತಿದ್ರೆ ಯಂತ್ರದ ಓದು ತಪ್ಪು ಅಂತ ತಾನೆ ನಿಯಮ? ಹಾಗಿದ್ರೆ ಅಂಟು ಹಚ್ಚಿದ ಕೈಗಳ ಓದೆಲ್ಲಾ ತಪ್ಪು. ಬೆಳಗ್ಗಿಂದ ಕೊಟ್ಟ ಸೀಟು..."

ಮಾತು ಮುಗಿಸುವ ಮೊದಲೇ ಡಾಕ್ಟರ್ ಇಂದುಧರ ಎದ್ದು ನಿಂತರು. "ಹೌದು! ಒಂದು ಓದೂ ಲೆಕ್ಕಕ್ಕಿಲ್ಲ. ಶಿವಮಲ್ಲಪ್ಪನವರೇ, ಯಂತ್ರದ ಓದು ಅನುಮಾನ ಅಂತಾದ್ರೆ ದಾಖಲಾತಿ ಮುಗಿಸೋ ಹಾಗಿಲ್ಲ. ನಿಮ್ಮ ನಿಯಮವೇ ಅದು. ಎಲ್ಲಾ ಮಕ್ಕಳನ್ನೂ ಕೈ ತೊಳೆಸಿ ಮತ್ತೆ ನೋಡ್ಬೇಕು. ಆರಿರೋರಿಗೆಲ್ಲ ಲಸಿಕೆ. ಮೂರು ವಾರ ಆದ್ಮೇಲೆ ಕೊನೇ ಓದು. ಆಮೇಲೆ ಇವತ್ತಿನ ಸಾಲಿನ ಕ್ರಮದಲ್ಲೇ ಪಟ್ಟಿ."

ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕ ಮುಚ್ಚಿದರು. "ನಿಯಮ ಅಂದ್ರೆ ನಿಯಮ," ಎಂದರು ಕೊನೆಗೆ. ಅವರ ಮೀಸೆಯ ತುದಿ ತುಸು ಅಲುಗಿದ ಹಾಗೆ ನನಗೆ ಕಂಡಿತು. ಖಚಿತವಾಗಿ ಹೇಳಲಾರೆ.

ಮಾರನೆಯ ದಿನ ಶಾಲೆಯ ಅಂಗಳದಲ್ಲಿ ಹಂಡೆಗಟ್ಟಲೆ ನೀರು ಕಾಯಿಸಿದೆವು. ಅಮ್ಮಂದಿರು ಬೈದುಕೊಂಡೇ ಮಕ್ಕಳ ಕೈ ಉಜ್ಜಿದರು. ಒಂಬತ್ತು ಮಕ್ಕಳಿಗೆ ಒಂದಲ್ಲ ಒಂದು ದೀಪ ಆರಿತ್ತು. ಒಂಬತ್ತು! ಅಂಟು ಇದ್ದಾಗ ಎಲ್ಲರೂ ಹಸಿರೇ ಆಗಿದ್ದವರು. ಅಲ್ಲೇ ಸಾಲು ನಿಲ್ಲಿಸಿ ಲಸಿಕೆ ಹಾಕಿದೆವು. ಹುಮೈರಾ ಈ ಸಲ ಯಾರನ್ನೂ ಕಚ್ಚಲಿಲ್ಲ. ಹಲ್ಲು ಇನ್ನೂ ಬಂದಿರಲಿಲ್ಲ.

ಆ ಮೂರು ವಾರ ಪ್ರಯೋಗಾಲಯದಲ್ಲಿ ಹಬ್ಬ. ಡಾಕ್ಟರು ಅಜ್ಜಿಯ ಪೊರೆಯ ತುಂಡೊಂದನ್ನು ಬರಿ ಮೇಜಿನ ಮೇಲೆ, ಫ್ರಿಜ್ ಇಲ್ಲದೆ ಇಟ್ಟಿದ್ದರು. ದಿನಾ ಬೆಳಗ್ಗೆ ಅದರಿಂದ ಉಗುರಿನಷ್ಟು ಕತ್ತರಿಸಿ ಪೆಟ್ಟಿಗೆಗೆ ಹಾಕುವುದು ನನ್ನ ಕೆಲಸ. ಬೆವರಿನ ಪ್ರತಿಕಾಯ ಈ ಸೆಕೆಯಲ್ಲಿ ಕೆಡಬೇಕು. ಕೆಡಲಿಲ್ಲ. ದಿನಾ ಎಂಟನೆಯ ದೀಪ ಹಸಿರು! "ಇದು ಪ್ರತಿಕಾಯವನ್ನ ಕಾಪಾಡ್ತದೆ ಅಂದ್ರೆ ಲಸಿಕೆಯನ್ನ ಯಾಕೆ ಕಾಪಾಡಬಾರ್ದು?" ಎಂದು ಡಾಕ್ಟರ್ ಕೋಣೆಯ ತುಂಬ ಓಡಾಡಿದರು. "ಐಸ್ ಪೆಟ್ಟಿಗೆ ಹೊತ್ಕೊಂಡು ಬೆಟ್ಟ ಹತ್ತೋ ನರ್ಸುಗಳನ್ನ ನೆನಸ್ಕೊಳ್ಳಿ. ಒಂದು ಪೊರೆ, ಲಕೋಟೇಲಿ ಹಾಕ್ಕೊಂಡು ಹೋದ್ರೆ ಸಾಕು!" ಆಮೇಲೆ ನನ್ನ ಕಡೆ ತಿರುಗಿ, "ಇನ್ನೂ ಯಾರಿಗೂ ಹೇಳ್ಬೇಡಿ. ನಾನು ಸುಮ್ನೆ ಹುಚ್ಚನ ಹಾಗೆ ಮಾತಾಡ್ತಿರಬಹುದು."

ಮೂರು ವಾರದ ನಂತರ ಮೊಹಲ್ಲಾವೇ ಶಾಲೆಗೆ ಬಂದಿತ್ತು. ಆ ಒಂಬತ್ತರಲ್ಲಿ ಎಂಟು ಮಕ್ಕಳದು ಮುಗಿಯಿತು, ಎಲ್ಲವೂ ಹಸಿರು. ಕೊನೆಗೆ ಹುಮೈರಾ. ಕೈ ತೊಳೆದು, ಅಜ್ಜಿಯ ಸೆರಗಿಗೆ ಒರೆಸಿಕೊಂಡು, ಅಂಗೈ ಊರಿದಳು.

ಎರಡನೆಯದು ಹತ್ತಿತು. ಮೂರು. ನಾಲ್ಕು. ಐದು, ಆರು, ಏಳು. ಮೊದಲನೆಯದು ಕಪ್ಪಗೇ ಇತ್ತು. ಮಕ್ಕಳ ಎಣಿಕೆ ಆರಕ್ಕೇ ನಿಂತಿತು. ನಸ್ರೀನ್ ಕಣ್ಣು ಮುಚ್ಚಿಕೊಂಡರು.

"ಕೈ ಎತ್ತಬೇಡ ಮಗಾ," ಎಂದೆ.

ದೀಪದ ನಡುವಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಕಣ್ಣಿನ ಭ್ರಮೆ ಎಂದುಕೊಂಡೆ. ಅದು ಅಂಚಿನವರೆಗೆ ಹರಡಿ ನಿಂತಿತು.

"ಏಳು!" ಎಂದು ಹುಮೈರಾಳೇ ಮೊದಲು ಕೂಗಿದಳು. ಆಮೇಲೆ ಅಂಗಳಕ್ಕೆ ಅಂಗಳವೇ ಕೂಗಿತು. ಶಿವಮಲ್ಲಪ್ಪನವರು ತಾವೇ ಅವಳನ್ನು ತರಗತಿಯೊಳಗೆ ಕರೆದುಕೊಂಡು ಹೋಗಿ ಮೊದಲನೆಯ ಬೆಂಚಿನಲ್ಲಿ ಕೂರಿಸಿದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

ಗಲಾಟೆ ಇಳಿದ ಮೇಲೆ ಖುರ್ಷಿದಾ ಬೀ ಪೆಟ್ಟಿಗೆಯ ಮುಂದೆ ಬಂದು ನಿಂತರು. "ನಾನೂ ಒಂದ್ಸಲ ಇಡ್ಲಾ? ಸ್ಕೂಲು ಸೇರ್ಸಲ್ಲ ನೀವು, ಗೊತ್ತು." ಸುಕ್ಕುಗಟ್ಟಿದ ಅಂಗೈ ಊರಿದರು. ಅವರು ಹುಟ್ಟಿದ ಮೇಲೆ ಬಂದ ಒಂದೆರಡು ಲಸಿಕೆಗಳ ದೀಪ ಹತ್ತಲಿಲ್ಲ. ಎಂಟನೆಯದು ಮಾತ್ರ ತಡಮಾಡದೆ ಹತ್ತಿತು. ಮಕ್ಕಳೆಲ್ಲ ಕಿಟಕಿಯಿಂದ ಇಣುಕಿ ಚಪ್ಪಾಳೆ ಹೊಡೆದರು. ಈ ಸಲ ಪೆಟ್ಟಿಗೆಯ ಸುದ್ದಿ ಹೋದಾಗ ನಿಯಂತ್ರಣ ಕೊಠಡಿಯಿಂದ ಡಾಕ್ಟರು ಒಂದೇ ಮಾತು ಕೇಳಿದರು: "ದಾದಿನಾ?"

ಇಷ್ಟು ನಡೆದದ್ದು. ತಿಳಿಯದೆ ಉಳಿದದ್ದು ಇದಕ್ಕಿಂತ ಹೆಚ್ಚು. ಅಂಟಿನೊಳಗೆ ಇಟ್ಟ ಲಸಿಕೆ ಸದ್ಯಕ್ಕೆ ಕೆಟ್ಟಿಲ್ಲ. ಎಷ್ಟು ಕಾಲ ಕೆಡುವುದಿಲ್ಲ, ಮನುಷ್ಯರ ಮೈಯಲ್ಲಿ ಅದು ಕೆಲಸ ಮಾಡುತ್ತದೆಯೇ, ಗೊತ್ತಿಲ್ಲ. ಖುರ್ಷಿದಾ ಬೀ ಅವರ ಮೈ ಒಂದು ಚುಚ್ಚಿನ ನೆನಪನ್ನು ಜೀವಮಾನವಿಡೀ ಏಕೆ ಇಟ್ಟುಕೊಂಡಿತು, ಅವರ ಮೊಮ್ಮಗಳ ಮೈ ಎರಡು ಸಲ ಮರೆತು ಮೂರನೆಯ ಸಲ ಏಕೆ ನೆನಪಿಟ್ಟುಕೊಂಡಿತು, ಅದೂ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಕೇಳಿದ್ದೇನೆ.